ವಿದೂಷಕನೂ ಫೌಜದಾರನೂ

ಜನರನ್ನು ನಗಿಸಿ ಜೀವನ ಸಾಗಿಸತಕ್ಕವರು ರಾಜಕಾರಣದ ಮಾತನ್ನೆತ್ತಬಹುದೋ ಕೂಡದೋ ಎಂಬ ಚರ್ಚೆಯು ಕೆಲವು ವರುಷಗಳಿಂದ ನಮ್ಮ ದೇಶದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿದೆ. 2025ನೆಯ ಇಸವಿಯ ಮಾರ್ಚ್ 23ರ ರಾತ್ರಿ ಮುಂಬಯಿಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಕುನಾಲ್ ಕಾಮ್ರಾ ಎಂಬ ಹಾಸ್ಯಗಾರರು ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಏಕನಾಥ ಶಿಂಧೆಯವರ ಪಕ್ಷಾಂತರವನ್ನು, ಹೆಸರೆತ್ತದೆಯೇ, ಒಂದು ಅಣಕುಹಾಡಿನಲ್ಲಿ ಹಾಸ್ಯ ಮಾಡಿದ್ದರು. ಹಾಡು ಪ್ರಕಟವಾದ ರಾತ್ರಿಯೇ ಆ ಪಕ್ಷದ ಕಾರ್ಯಕರ್ತರು, ಹಾಡಿದವರು ಕೈಗೆ ಸಿಕ್ಕದ ಕಾರಣ, ಹಾಡಿದ ಸ್ಥಳಕ್ಕೆ ನುಗ್ಗಿ ಕುರ್ಚಿ ದೀಪಗಳನ್ನು ಮುರಿದು ಹಾಕಿದರು. ಮರುದಿವಸ ನಗರಪಾಲಿಕೆಯವರು ಬಂದು, ಅಕ್ರಮ ಕಟ್ಟಡವೆಂದು ಅದೇ ಸ್ಥಳದ ಕೆಲವು ಭಾಗವನ್ನು ಕೆಡವಿದರು. ಮುರಿದವರಲ್ಲಿ ಹನ್ನೆರಡು ಮಂದಿ ಕೈದಾಗಿ ಅಂದೇ ಜಾಮೀನಿನ ಮೇಲೆ ಹೊರಬಂದರು. ಹಾಡಿದವರಾದರೋ ಕೈದಾಗದಿರಲು ಮದರಾಸಿನ ಹೈಕೋರ್ಟಿಗೂ ಮುಂಬಯಿಯ ಹೈಕೋರ್ಟಿಗೂ ಅಲೆಯಬೇಕಾಯಿತು. ಪಾಲಿಕೆಯವರಿಗೆ ಅಕ್ರಮವು ಆ ಹಾಡು ಕೇಳಿದ ಮೇಲೆಯೇ ಕಣ್ಣಿಗೆ ಬಿದ್ದುದು ಸಂಗೀತದ ಮಹಿಮೆಯೆಂದೇ ತಿಳಿಯಬೇಕು.

ಇದು ದೊಡ್ಡ ಪಟ್ಟಣದ ಗಲಾಟೆ, ನಮಗೇನು ಎಂದು ಬೀದರ ಜಿಲ್ಲೆಯ ಗೃಹಸ್ಥರು ಸುಮ್ಮನಿರುವಂತಿಲ್ಲ. ಮಹಾರಾಷ್ಟ್ರದ ಸೀಮೆಗೆ ಅಂಟಿಕೊಂಡ ಔರಾದ ತಾಲೂಕಿನವರಿಗೆ, ಎಕಂಬಾದಂಥ ಹಳ್ಳಿಯವರಿಗೆ, ಮುಂಬಯಿಯ ಸುದ್ದಿಯು ಪರದೇಶದ ಸುದ್ದಿಯಲ್ಲ. ಅದಕ್ಕೂ ಮಿಗಿಲಾಗಿ, ಮುಂಬಯಿಯಲ್ಲಿ ಕುರ್ಚಿಗಳು ಮುರಿಯುವುದಕ್ಕೆ ಐದು ವರುಷ ಮುಂಚೆಯೇ ಇದೇ ಪ್ರಶ್ನೆಯು ಬೀದರ ನಗರದ ಒಂದು ಶಾಲೆಯಲ್ಲಿ ಎದ್ದಿತ್ತು. ಅಲ್ಲಿ ವೇಷ ತೊಟ್ಟವರು ಹಣಕ್ಕಾಗಿ ನಗಿಸತಕ್ಕ ಹಾಸ್ಯಗಾರರಲ್ಲ, ಎಳೆಯ ಮಕ್ಕಳು. ಆದರೆ ಅಲ್ಲಿಯೂ ವಿವಾದಕ್ಕೆ ಕಾರಣವಾದುದು ರಂಗದ ಮೇಲೆ ನಿಂತು ಅಧಿಕಾರಸ್ಥರನ್ನು ಕುರಿತು ಆಡಿದ ಒಂದು ಮಾತೇ. ಆದಕಾರಣ ನಾವು ಈ ಪ್ರಶ್ನೆಯನ್ನು ಬೀದರದಿಂದಲೇ ಪ್ರಾರಂಭಿಸುವುದು ಉಚಿತವೆಂದು ತಿಳಿದಿದ್ದೇವೆ.

ಸಂಗತಿಗಳು ಇಷ್ಟು. 2019ರ ಡಿಸೆಂಬರಿನಲ್ಲಿ ಪೌರತ್ವದ ತಿದ್ದುಪಡಿ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಅಂಗೀಕಾರವಾಯಿತು. ದೇಶದಲ್ಲೆಲ್ಲ ಪರವಿರೋಧದ ಸಭೆಗಳು ನಡೆದವು. 2020ರ ಜನವರಿ 21ರಂದು ಬೀದರದ ಶಾಹೀನ್ ಶಾಲೆಯಲ್ಲಿ ನಾಲ್ಕು, ಐದು, ಆರನೆಯ ತರಗತಿಗಳ ಮಕ್ಕಳು ಆ ವಿಷಯವಾಗಿ ಒಂದು ನಾಟಕವನ್ನಾಡಿದರು. ಅದರಲ್ಲಿ ಒಬ್ಬ ಬಾಲಕಿಯ ಬಾಯಿಂದ, ಕಾಗದಪತ್ರ ಕೇಳಿದವರಿಗೆ ಪಾದರಕ್ಷೆಯಿಂದ ಹೊಡೆಯಬೇಕೆಂಬ ಅರ್ಥದ ಮಾತು ಬಂದಿತು. ಆ ಮಾತು ಪ್ರಧಾನಮಂತ್ರಿಗಳನ್ನು ಕುರಿತದ್ದೆಂದು ಆಕ್ಷೇಪಣೆಯಾಯಿತು. ನಾಟಕವು ಶಾಲೆಯ ಗೋಡೆಯೊಳಗೇ ಮುಗಿದುಹೋಗುತ್ತಿತ್ತು. ಅದನ್ನು ಒಬ್ಬರು ಫೇಸ್‌ಬುಕ್ಕಿಗೆ ಏರಿಸಿದ್ದರಿಂದ ಊರು ಕಂಡಿತು. ಜನವರಿ 26ರಂದು, ಗಣರಾಜ್ಯದ ಉತ್ಸವದ ದಿನವೇ, ಫಿರ್ಯಾದು ಬಿದ್ದಿತು. ಪೋಲೀಸಿನವರು ರಾಜದ್ರೋಹವೇ ಮೊದಲಾದ ಕಲಮುಗಳನ್ನು ಹಚ್ಚಿದರು. ಜನವರಿ 30ರಂದು ಶಾಲೆಯ ಮುಖ್ಯೋಪಾಧ್ಯಾಯಿನಿಯವರನ್ನೂ ಆ ಬಾಲಕಿಯ ತಾಯಿಯನ್ನೂ ಕೈದು ಮಾಡಿದರು. ಅದು ಮಹಾತ್ಮರ ಪುಣ್ಯತಿಥಿ. ಫೆಬ್ರವರಿ ನಡುವಿನಲ್ಲಿ ಜಿಲ್ಲಾ ನ್ಯಾಯಾಲಯವು ಜಾಮೀನು ಕೊಡುವವರೆಗೆ ಈ ಇಬ್ಬರು ಹೆಂಗಸರೂ ಸೆರೆಯಲ್ಲಿದ್ದರು. ತಾಯಿ ಸೆರೆಯಲ್ಲಿದ್ದ ದಿವಸಗಳನ್ನು ಮಗುವು ನೆರೆಯವರ ಆಸರೆಯಲ್ಲಿ ಕಳೆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಪೋಲೀಸಿನವರು ಶಾಲೆಗೆ ಮತ್ತೆ ಮತ್ತೆ ಬಂದು ಆ ಮಕ್ಕಳನ್ನು ಕೂಡಿಸಿಕೊಂಡು ಗಂಟೆಗಟ್ಟಲೆ ವಿಚಾರಿಸಿದರು: ನಾಟಕ ಬರೆದವರಾರು, ಕಲಿಸಿದವರಾರು, ಆ ಮಾತು ಯಾರದು? ಸಮವಸ್ತ್ರ ತೊಟ್ಟು, ಒಬ್ಬರು ಆಯುಧವನ್ನೂ ಧರಿಸಿ, ಮಕ್ಕಳ ಮುಂದೆ ಕುಳಿತ ಚಿತ್ರವು ಹೈಕೋರ್ಟಿನ ಮುಂದೆ ಬಂದಿತು. 2021ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠವು ಇದು ಮಕ್ಕಳ ಹಕ್ಕಿನ ಭಂಗವೆಂದು ಮೇಲ್ನೋಟಕ್ಕೆ ಕಾಣುವುದೆಂದಿತು. ಕಡೆಗೆ 2023ರ ಜೂನ್ 14ರಂದು ಕಲಬುರಗಿಯ ಹೈಕೋರ್ಟು ಪೀಠದ ನ್ಯಾಯಮೂರ್ತಿ ಹೇಮಂತ ಚಂದನಗೌಡರ ಅವರು ಶಾಲೆಯ ಆಡಳಿತದವರ ಮೇಲಿನ ಮೊಕದ್ದಮೆಯನ್ನು ರದ್ದುಗೊಳಿಸಿದರು. ಹದಿನೈದು ದಿವಸದ ಸೆರೆ, ಮೂರು ವರುಷ ಮಿಕ್ಕಿದ ವ್ಯಾಜ್ಯ. ಮೂಲವು ಒಂದು ಮಗುವಿನ ಬಾಯಲ್ಲಿ ಬಂದ ಒಂದು ವಾಕ್ಯ.

ಆ ವಾಕ್ಯವು ಒಳ್ಳೆಯದೆಂದು ನಾವು ಹೇಳುವುದಿಲ್ಲ. ದೇಶದ ಪ್ರಧಾನಿಯಾಗಲಿ ಗ್ರಾಮದ ಚಾವಡಿಯವನಾಗಲಿ, ಪಾದರಕ್ಷೆಯ ಮಾತು ವಾದವಾಗುವುದಿಲ್ಲ. ಅದು ನಗೆಯೂ ಅಲ್ಲ. ಹೈಕೋರ್ಟು ಸಹ ಇದನ್ನು ಮುಚ್ಚಿಡಲಿಲ್ಲ. ಆ ಮಾತು ಅವಹೇಳನಕರವೂ ಹೊಣೆಗೇಡಿತನದ್ದೂ ಆಗಿದೆ, ಸರಕಾರದ ನೀತಿಯನ್ನು ಟೀಕಿಸಬಹುದು, ಆದರೆ ಸಂವಿಧಾನದ ಸ್ಥಾನದಲ್ಲಿರುವವರನ್ನು ಅವಮಾನಿಸಬಾರದು ಎಂದು ನ್ಯಾಯಮೂರ್ತಿಗಳು ಸ್ಪಷ್ಟವಾಗಿಯೇ ನುಡಿದರು. ನುಡಿದೂ ಮೊಕದ್ದಮೆಯನ್ನು ರದ್ದುಮಾಡಿದರು. ಯಾಕೆಂದರೆ ಮಕ್ಕಳ ಆ ನಾಟಕವು ಜನರನ್ನು ಹಿಂಸೆಗೆ ಹುರಿದುಂಬಿಸಲಿಲ್ಲ, ಸಾರ್ವಜನಿಕ ಶಾಂತಿಯನ್ನು ಕೆಡಿಸಲಿಲ್ಲ. ಈ ತೀರ್ಪಿನಲ್ಲಿ ನಮ್ಮ ಅಧಿಕಾರಿವರ್ಗದವರು ಗಮನಿಸತಕ್ಕ ತಿರುಳು ಇಲ್ಲಿಯೇ ಇದೆ: ಅನುಚಿತವಾದುದೆಲ್ಲವೂ ಅಪರಾಧವಲ್ಲ. ಅನುಚಿತಕ್ಕೆ ಮನೆಯ ಹಿರಿಯರಿದ್ದಾರೆ, ಶಾಲೆಯ ಗುರುಗಳಿದ್ದಾರೆ, ಪತ್ರಿಕೆಗಳಿವೆ, ನೆರೆಯವರ ನಾಲಗೆಯಿದೆ. ಅಪರಾಧಕ್ಕೆ ಮಾತ್ರವೇ ಠಾಣೆ. ಈ ಎರಡರ ನಡುವಿನ ಗೆರೆಯನ್ನು ಅಳಿಸಿದರೆ ಠಾಣೆಯೇ ಗುರುವೂ ಪತ್ರಿಕೆಯೂ ನೆರೆಯೂ ಆಗಿಬಿಡುವುದು.

ನ್ಯಾಯಮೂರ್ತಿಗಳು ಮತ್ತೊಂದು ಮಾತನ್ನೂ ಹೇಳಿದರು. ಶಾಲೆಗಳು ಪ್ರಕೃತ ರಾಜಕಾರಣದ ವಿಷಯಗಳ ಸುತ್ತ ನಾಟಕವಾಡಿಸುವುದಕ್ಕಿಂತ ಮಕ್ಕಳಿಗೆ ವಿದ್ಯೆಯಲ್ಲಿ ಅಭಿರುಚಿ ಹುಟ್ಟಿಸುವ ವಿಷಯಗಳನ್ನು ಆಯ್ದುಕೊಳ್ಳುವುದು ಮೇಲೆಂಬುದು ಅವರ ಅಭಿಪ್ರಾಯ. ಇದರ ಅರ್ಧವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ದೊಡ್ಡವರು ತಮ್ಮ ಸಿಟ್ಟನ್ನು ಮಕ್ಕಳ ಬಾಯಲ್ಲಿಡುವುದು ಯಾವ ಪಕ್ಷಕ್ಕೂ ಯಾವ ಮತಕ್ಕೂ ಶೋಭಿಸದು. ಇತರ ಶಾಲೆಗಳಲ್ಲಿ ಇತರ ಬಗೆಯ ಆವೇಶವನ್ನು ಮಕ್ಕಳ ಕೈಗೆ ಕೊಡತಕ್ಕವರಿಗೂ ಈ ಮಾತು ಅನ್ವಯಿಸುವುದೆಂಬುದನ್ನು ಇಲ್ಲಿಯೇ ಸೇರಿಸುತ್ತೇವೆ. ಆದರೆ ರಾಜ್ಯವ್ಯವಹಾರವು ಶಾಲೆಯ ಬಾಗಿಲಲ್ಲಿಯೇ ನಿಲ್ಲತಕ್ಕದ್ದೆಂಬ ಅರ್ಧವನ್ನು ಗೌರವಪೂರ್ವಕವಾಗಿ ಒಪ್ಪಲಾರೆವು. ಹದಿನೆಂಟಕ್ಕೆ ಮತ ಹಾಕತಕ್ಕವನು ಹದಿನೇಳರವರೆಗೆ ಅದರ ಹೆಸರನ್ನೇ ಕೇಳಿರಬಾರದೆಂದರೆ ಅವನು ಕಲಿಯುವುದು ಎಲ್ಲಿ?

ಮಹಾತ್ಮರ ಪುಣ್ಯತಿಥಿಯಂದು ಆ ಕೈದುಗಳಾದವೆಂದು ಹೇಳಿದೆವಷ್ಟೆ. ಆ ತಾಯಿಯ ಮೇಲೆ ಹಚ್ಚಿದ 124ಎ ಕಲಮು ನಮ್ಮ ದಂಡಸಂಹಿತೆಗೆ ಸೇರಿದುದು 1870ರಲ್ಲಿ. ಅದೇ ಕಲಮಿನ ಕೆಳಗೆ 1908ರಲ್ಲಿ ಲೋಕಮಾನ್ಯ ತಿಲಕರು ಆರು ವರುಷದ ಶಿಕ್ಷೆ ಹೊತ್ತು ಮಂಡಾಲೆಗೆ ಹೋದರು. ಅದೇ ಕಲಮಿನ ಕೆಳಗೆ 1922ರ ಮಾರ್ಚಿನಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ನಿಂತು ಗಾಂಧೀಜಿಯವರು, ಪ್ರೀತಿಯನ್ನು ಕಾಯಿದೆಯಿಂದ ಹುಟ್ಟಿಸಲಾಗದೆಂದು ನ್ಯಾಯಾಧೀಶರಿಗೇ ಪಾಠ ಹೇಳಿದರು. ರಂಗಭೂಮಿಯ ವಿಷಯದಲ್ಲಿಯೂ ಪರಕೀಯ ಸರಕಾರವು ಅಷ್ಟೇ ಬೆದರಿತ್ತು. ವೇಲ್ಸಿನ ರಾಜಕುಮಾರರು ಕಲಕತ್ತೆಗೆ ಬಂದಾಗ ಅವರನ್ನು ಬರಮಾಡಿಕೊಂಡ ದೊಡ್ಡಮನುಷ್ಯರೊಬ್ಬರನ್ನು ಅಣಕಿಸಿ ಬಂಗಾಳಿಗಳು ಪ್ರಹಸನವಾಡಿದರೆಂದು 1876ರಲ್ಲಿ ನಾಟಕಗಳ ಮೇಲೆಯೇ ಒಂದು ಕಾಯಿದೆ ಹುಟ್ಟಿತು. ನಮ್ಮ ಮಗ್ಗುಲಿನ ಮರಾಠಿ ರಂಗಭೂಮಿಯಲ್ಲಿ ಖಾಡಿಲಕರರು 1907ರಲ್ಲಿ ‘ಕೀಚಕವಧ’ವನ್ನಾಡಿಸಿದರು, ಕೀಚಕನ ವೇಷದೊಳಗೆ ಕರ್ಜನ್ ಸಾಹೇಬರು ಕಾಣಿಸಿದ್ದರಿಂದ 1910ರಲ್ಲಿ ಆ ನಾಟಕಕ್ಕೆ ಪ್ರತಿಬಂಧವಾಯಿತು. ಮಹಾಭಾರತದ ಕಥೆಯನ್ನೇ ನಿಷೇಧಿಸಬೇಕಾಗಿ ಬಂದ ಸರಕಾರದ ಅವಸ್ಥೆಯನ್ನು ಕಂಡು ಅಂದು ಪುಣೆಯ ಜನರು ನಕ್ಕಿರಬೇಕು.

ಬೀದರದ ಹಿರಿಯರಿಗೆ ಇದಕ್ಕಿಂತ ಸಮೀಪದ ನೆನಪಿದೆ. ನಿಜಾಮರ ಆಳಿಕೆಯಲ್ಲಿ ಸಭೆ ಕೂಡಬೇಕಾದರೂ ಮುಂಚಿತವಾಗಿ ಅಪ್ಪಣೆ ಬೇಡಬೇಕಾಗಿತ್ತು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಹೆಸರನ್ನು ಹೈದರಾಬಾದ ಸಂಸ್ಥಾನದ ಕಾರ್ಯಕರ್ತರು ಕಹಿಯಾಗಿ ನೆನೆಯುತ್ತಿದ್ದರು. ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಆ ವರುಷದ ಸೆಪ್ಟೆಂಬರ್ 17ರಂದು ಬಿಡುಗಡೆ ಕಂಡ ಈ ಸೀಮೆಯಲ್ಲಿ, ಎಪ್ಪತ್ತು ವರುಷ ಕಳೆದ ಮೇಲೆ, ನಾಲ್ಕನೆಯ ತರಗತಿಯ ನಾಟಕಕ್ಕೆ ರಾಜದ್ರೋಹದ ಕಲಮು ಹಚ್ಚುವಂತಾದುದು ಯಾವ ದೇಶಭಕ್ತನಿಗೂ ಸಂತೋಷವನ್ನು ಕೊಡತಕ್ಕ ವಿಷಯವಲ್ಲ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಹಾಸ್ಯಗಾರನು ನಗಿಸಿ ಹೋಗಲಿ, ರಾಜಕಾರಣವು ಅವನಿಗೇಕೆ ಎಂದು ಕೇಳತಕ್ಕವರು ನಮ್ಮ ಆಟಗಳನ್ನು ನೋಡಿಲ್ಲವೆಂದು ತೋರುತ್ತದೆ. ಬಯಲಾಟದಲ್ಲಿ ಕಿರೀಟ ಭುಜಕೀರ್ತಿ ಧರಿಸಿ, ನೆಲ ನಡುಗುವಂತೆ ಹೆಜ್ಜೆಯಿಟ್ಟು ರಾಜನು ಬಂದೊಡನೆ, ‘ನೀನು ಯಾರಪ್ಪಾ’ ಎಂದು ಕೇಳತಕ್ಕವನು ಸಾರಥಿ. ರಾಜನು ತನ್ನ ಬಿರುದುಗಳನ್ನು ಒಂದೊಂದಾಗಿ ಹೇಳಿಕೊಳ್ಳಬೇಕು. ಸಾರಥಿಯು ಒಂದೊಂದನ್ನೂ ಚಿವುಟಿ ನೋಡಬೇಕು. ಗಡಿಯಾಚೆಯ ತಮಾಷೆಯಲ್ಲಿ ಸೋಂಗಾಡ್ಯಾ ಎಂಬ ವಿನೋದಗಾರನು ಪಾಟೀಲನನ್ನೂ ಸಾಹುಕಾರನನ್ನೂ ಬಿಡುವುದಿಲ್ಲ. ಔರಾದ ಭಾಲ್ಕಿಗಳ ಜನರು ಕನ್ನಡದ ಆಟವನ್ನೂ ಮರಾಠಿಯ ಆಟವನ್ನೂ ಒಂದೇ ಉತ್ಸಾಹದಿಂದ ನೋಡಿದವರು; ಗೌಡರನ್ನು ಮುಂದೆ ಕೂಡಿಸಿಕೊಂಡು ಗೌಡಿಕೆಯನ್ನು ಹಾಸ್ಯ ಮಾಡುವುದು ಅವರಿಗೆ ಹೊಸದಲ್ಲ.

ಹತ್ತಿರದ ಕಾಲದ ಉದಾಹರಣೆಯೆಂದರೆ ಮಾಸ್ಟರ್ ಹಿರಣ್ಣಯ್ಯನವರು. 2019ರ ಮೇ ತಿಂಗಳಲ್ಲಿ ಕಾಲವಾದ ಈ ಮಹಾನಟರ ‘ಲಂಚಾವತಾರ’ವು ಸಾವಿರಾರು ಸಲ ರಂಗವೇರಿತು. ನಾಟಕದ ಕಥೆಯು ನೆಪ; ಅಂದಂದಿನ ಸುದ್ದಿಯನ್ನು ಹಿಡಿದು, ಆಳತಕ್ಕ ಪಕ್ಷ ಯಾವುದೇ ಇರಲಿ, ಮಂತ್ರಿಗಳನ್ನೂ ಕಚೇರಿಗಳನ್ನೂ ಅವರು ಝಾಡಿಸುತ್ತಿದ್ದ ಆಶುಭಾಷಣಕ್ಕಾಗಿಯೇ ಜನ ನೆರೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರಲ್ಲಿ ಸರಕಾರಿ ನೌಕರರೇ ಬಹುಮಂದಿ. ಮರುದಿವಸ ಅವರೆಲ್ಲರೂ ಕಚೇರಿಗೆ ಹೋಗಿ ಲಂಚ ಬಿಟ್ಟರೆಂದು ನಾವು ಹೇಳಲಾರೆವು. ಆದರೆ ಲಂಚವೆಂಬುದು ಮರ್ಯಾದೆಯ ವಸ್ತುವಲ್ಲ, ನಗೆಪಾಟಲಿನ ವಸ್ತು ಎಂಬ ಭಾವನೆಯನ್ನು ಊರೂರಿಗೆ ಮುಟ್ಟಿಸಿದುದು ಯಾವ ಆಯೋಗದ ವರದಿಯಿಂದಲೂ ಆಗದ ಕೆಲಸ. ಅದಕ್ಕಿಂತ ಮುಂಚೆ, 1942ರಲ್ಲಿ, ಯುದ್ಧಕಾಲದ ಬಿಗಿಯ ನಡುವೆಯೇ ಡಾಕ್ಟರ್ ಶಿವರಾಮ್ ಅವರು ‘ಕೊರವಂಜಿ’ಯನ್ನು ಹೊರಡಿಸಿ, 1967ರವರೆಗೆ ಕನ್ನಡಿಗರಿಗೆ ತಮ್ಮನ್ನೂ ತಮ್ಮ ಆಳುವವರನ್ನೂ ನೋಡಿ ನಗುವುದನ್ನು ಕಲಿಸಿದರು.

ಹಾಸ್ಯಗಾರನಿಗೆ ರಾಜ್ಯಶಾಸ್ತ್ರ ತಿಳಿಯದು, ತಿಳಿಯದವನು ಮಾತನಾಡಬಾರದು ಎಂಬ ಇನ್ನೊಂದು ಆಕ್ಷೇಪಣೆಯುಂಟು. ಈ ನಿಯಮವನ್ನು ಹಾಸ್ಯಗಾರರಿಗೆ ಮಾತ್ರವೇ ಹಚ್ಚುವುದು ಅನ್ಯಾಯ. ಶಾಸನಸಭೆಗಳಲ್ಲಿಯೂ ಹಚ್ಚುವುದಾದರೆ ನಮ್ಮ ಅಭ್ಯಂತರವಿಲ್ಲ. ಮತ ಹಾಕಲು ತಿಳಿವಳಿಕೆಯ ಪರೀಕ್ಷೆ ಬೇಡವೆಂದು ನಮ್ಮ ಸಂವಿಧಾನವು ನಿರ್ಧರಿಸಿರುವಾಗ, ಮತ ಕೊಟ್ಟವನು ತನ್ನ ಪ್ರತಿನಿಧಿಯನ್ನು ಕುರಿತು ಮಾತನಾಡಲು ಪರೀಕ್ಷೆ ಏಕೆ? ಹಾಸ್ಯಗಾರನ ಬಾಯಲ್ಲಿ ಬರುವುದು ಬಹುಮಟ್ಟಿಗೆ ಸಂತೆಯ ಮಾತೇ. ಸಂತೆಯಲ್ಲಿ ಹತ್ತು ಮಂದಿ ಗುಸುಗುಸು ಆಡಿದ್ದನ್ನು ಅವನು ದೀಪದ ಕೆಳಗೆ ನಿಂತು ಆಡುತ್ತಾನೆ. ಆ ಮಾತನ್ನು ಮೊದಲೇ ಕೇಳಿಸಿಕೊಳ್ಳುವುದು ಆಳುವವರಿಗೇ ಲಾಭ.

ನಗೆಗೆ ಬೆದರುವುದು ಒಂದೇ ಪಕ್ಷದ ಜಾಡ್ಯವೆಂದು ವಾಚಕರು ತಿಳಿಯಬಾರದು. ಪಂಡಿತ ನೆಹರೂ ಅವರು, ತನ್ನನ್ನು ಬಿಡಬೇಡವೆಂದು ವ್ಯಂಗ್ಯಚಿತ್ರಕಾರ ಶಂಕರರಿಗೆ ಹೇಳಿದ ದೊಡ್ಡತನ ಪ್ರಸಿದ್ಧವಾಗಿದೆ. 1948ರಲ್ಲಿ ಹೊರಟ ಶಂಕರರ ವಾರಪತ್ರಿಕೆಯು ಅವರನ್ನು ಬಿಡಲೂ ಇಲ್ಲ. ಅದೇ ಪತ್ರಿಕೆಯು 1975ರಲ್ಲಿ, ನೆಹರೂ ಅವರ ಮಗಳ ತುರ್ತುಪರಿಸ್ಥಿತಿಯ ಕಾಲದಲ್ಲಿ, ಸರ್ವಾಧಿಕಾರವು ನಗೆಯನ್ನು ಸಹಿಸದೆಂದು ಬರೆದು ತನ್ನ ಬಾಗಿಲನ್ನು ಮುಚ್ಚಿಕೊಂಡಿತು. 2012ರ ಒಂದೇ ವರುಷದಲ್ಲಿ ಕಲಕತ್ತೆಯಲ್ಲಿ ಮುಖ್ಯಮಂತ್ರಿಗಳ ವ್ಯಂಗ್ಯಚಿತ್ರವನ್ನು ಇತರರಿಗೆ ಕಳುಹಿಸಿದ ಅಧ್ಯಾಪಕರೊಬ್ಬರು ಕೈದಾದರು, ಮುಂಬಯಿಯಲ್ಲಿ ವ್ಯಂಗ್ಯಚಿತ್ರಕಾರ ಅಸೀಂ ತ್ರಿವೇದಿಯವರು ರಾಜದ್ರೋಹಕ್ಕಾಗಿ ಕೈದಾದರು. ಕಲಕತ್ತೆಯ ಅಧ್ಯಾಪಕರು ಪೂರ್ಣವಾಗಿ ಬಿಡುಗಡೆ ಹೊಂದಲು 2023 ಬರಬೇಕಾಯಿತು. ಆ ಸರಕಾರಗಳ ಬಣ್ಣ ಬೇರೆ, ಬೀದರದ ಪ್ರಕರಣದ ಕಾಲದ ಸರಕಾರದ ಬಣ್ಣ ಬೇರೆ. ತಮ್ಮ ವಿರೋಧಿಗಳನ್ನು ಅಣಕಿಸಿದರೆ ವಾಕ್‌ಸ್ವಾತಂತ್ರ್ಯ, ತಮ್ಮನ್ನು ಅಣಕಿಸಿದರೆ ದೇಶಕ್ಕೆ ಅಪಮಾನ ಎಂಬ ಲೆಕ್ಕವು ಎಲ್ಲ ಪುಢಾರಿಗಳ ಖಾತೆಯಲ್ಲಿಯೂ ಒಂದೇ ರೀತಿಯಾಗಿ ಬರೆದಿದೆ.

ಈಚೆಗೆ ಕೈದಿಗಿಂತ ಸುಲಭವಾದ ಉಪಾಯವೊಂದು ರೂಢಿಗೆ ಬಂದಿದೆ. 2021ರ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮುನಾವರ್ ಫಾರೂಕಿಯವರ ಹಾಸ್ಯ ಪ್ರದರ್ಶನವನ್ನು, ಕೆಲವು ಸಂಘಗಳ ವಿರೋಧವಿದೆ, ಶಾಂತಿಭಂಗವಾದೀತು ಎಂದು ಪೋಲೀಸಿನವರು ಕೊನೆಯ ಗಳಿಗೆಯಲ್ಲಿ ನಿಲ್ಲಿಸಿದರು. ಅದಕ್ಕೆ ಮೊದಲು ಅದೇ ವರುಷದ ಜನವರಿ 1ರಂದು ಇಂದೋರಿನಲ್ಲಿ ಕೈದಾಗಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಸೆರೆಯಲ್ಲಿದ್ದು, ಸುಪ್ರೀಂ ಕೋರ್ಟಿನ ಅಪ್ಪಣೆಯಿಂದ ಹೊರಬಂದವರು ಇವರು. ಬೆಂಗಳೂರಿನಲ್ಲಿ ಅವರು ಯಾವ ಮಾತನ್ನೂ ಆಡಿರಲಿಲ್ಲ. ಆಡಬಹುದೆಂಬ ಶಂಕೆಯೇ ಸಾಕಾಯಿತು. ಮರುವರುಷದ ನವೆಂಬರಿನಲ್ಲಿ ವೀರ್ ದಾಸ್ ಅವರ ಪ್ರದರ್ಶನಕ್ಕೂ ಬೆಂಗಳೂರಿನಲ್ಲಿ ಇದೇ ಗತಿಯಾಯಿತು. ಈ ತರ್ಕವನ್ನು ಒಪ್ಪಿದರೆ, ಕಲ್ಲು ಹಿಡಿದವನ ಕೈಯನ್ನು ಹಿಡಿಯುವ ಬದಲು ಮಾತನಾಡತಕ್ಕವನ ಬಾಯಿ ಕಟ್ಟುವುದೇ ಶಾಂತಿಪಾಲನೆಯೆಂದಾಗುವುದು. ಹೆಚ್ಚು ಗದ್ದಲ ಮಾಡಬಲ್ಲವರ ಕೈಗೆ ಊರಿನ ರಂಗಮಂದಿರಗಳ ಬೀಗದ ಕೈಯನ್ನು ಸರಕಾರವೇ ಒಪ್ಪಿಸಿದಂತಾಗುವುದು. 1989ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಒಂದು ತಮಿಳು ಚಲಚ್ಚಿತ್ರದ ವ್ಯಾಜ್ಯದಲ್ಲಿ, ಮೆರವಣಿಗೆ ಹಿಂಸಾಚಾರಗಳ ಬೆದರಿಕೆಯಿದೆಯೆಂಬ ಕಾರಣದಿಂದ ವಾಕ್‌ಸ್ವಾತಂತ್ರ್ಯವನ್ನು ಅದುಮಲಾಗದೆಂದೂ, ಅದನ್ನು ಕಾಪಾಡುವುದು ಸರಕಾರದ ಕರ್ತವ್ಯವೆಂದೂ ಹೇಳಿದೆ. ಮೂವತ್ತು ವರುಷ ಮಿಕ್ಕಿದ ಈ ತೀರ್ಪು ನಮ್ಮ ಠಾಣೆಗಳನ್ನು ಇನ್ನೂ ತಲುಪಿಲ್ಲವೆಂದು ತೋರುತ್ತದೆ.

ಹಾಸ್ಯಗಾರರ ಕಡೆಗೂ ಎರಡು ಮಾತುಗಳನ್ನು ಹೇಳದಿದ್ದರೆ ನಾವು ಪಕ್ಷಪಾತಿಗಳಾದೇವು. ಮೇಲಿದ್ದವನನ್ನು ನೋಡಿ ನಗುವುದು ಬೇರೆ, ಬಿದ್ದವನನ್ನು ನೋಡಿ ನಗುವುದು ಬೇರೆ. ಅಂಗವಿಕಲರನ್ನು ಹಾಸ್ಯಕ್ಕೆ ಗುರಿಮಾಡಿದ ಕೆಲವರಿಗೆ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಹಿರಂಗವಾಗಿ ಕ್ಷಮೆ ಕೇಳಲು ಹೇಳಿತು. ಆ ಹಾಸ್ಯಗಾರರ ಪರವಾಗಿ ವಾದಿಸಲು ನಮಗೆ ಮನಸ್ಸಿಲ್ಲ. ಸಾರಥಿಯು ರಾಜನ ಕಿರೀಟವನ್ನು ಅಲ್ಲಾಡಿಸುತ್ತಾನೆ, ಆಟ ನೋಡಬಂದ ಬಡವಿಯ ಹರಕು ಸೀರೆಯನ್ನಲ್ಲ. ಇನ್ನೊಂದು: ಬೈಗುಳವು ಅಗ್ಗದ ಸರಕು. ಮಂತ್ರಿಯ ತಪ್ಪನ್ನು ಬಿಟ್ಟು ಅವನ ಮೈಬಣ್ಣವನ್ನೂ ಕುಲವನ್ನೂ ಮನೆಯ ಹೆಂಗಸರನ್ನೂ ಎಳೆತರತಕ್ಕವನಿಗೆ ರಾಜಕಾರಣವೂ ತಿಳಿದಿಲ್ಲ, ಹಾಸ್ಯವೂ ತಿಳಿದಿಲ್ಲ. ಅಂಥವನನ್ನು ಜನರು ಎರಡನೆಯ ಸಲ ಕೇಳಲು ಹೋಗಬಾರದು. ಖಾಲಿ ಕುರ್ಚಿಯಷ್ಟು ಕಠಿಣವಾದ ಶಿಕ್ಷೆಯು ದಂಡಸಂಹಿತೆಯಲ್ಲಿ ಇಲ್ಲವೆಂದು ನಾಟಕ ಕಂಪನಿಯ ಮಾಲಿಕರನ್ನು ಕೇಳಿದರೆ ತಿಳಿದೀತು.

ಹಾಗಾದರೆ ಮನಸ್ಸಿಗೆ ನೋವಾದವರು ಏನು ಮಾಡತಕ್ಕದ್ದು? ಇದು ನಿಜವಾಗಿಯೂ ಯೋಚಿಸಬೇಕಾದ ವಿಷಯ; ಏಕೆಂದರೆ ಕಾಲವು ಬದಲಾಗಿದೆ. ಹಿಂದೆ ಹಿರಣ್ಣಯ್ಯನವರ ಮಾತನ್ನು ಕೇಳಿದವರು ಟಿಕೀಟು ಕೊಂಡು, ಮೂರು ತಾಸು ಕುಳಿತು, ಹಿಂದಣ ಮಾತನ್ನೂ ಮುಂದಣ ಮಾತನ್ನೂ ಕೇಳಿದವರು. ಇಂದು ಎಕಂಬಾದ ಗೃಹಸ್ಥನು ಸಂಜೆ ಕಟ್ಟೆಯ ಮೇಲೆ ಕುಳಿತಿರುವಾಗ ಕೈಯಲ್ಲಿಯ ಫೋನಿಗೆ ಅರ್ಧ ನಿಮಿಷದ ತುಣುಕೊಂದು ಬಂದು ಬೀಳುತ್ತದೆ. ಅದು ಯಾವ ಊರಿನ ಆಟ, ಯಾವ ಸಂದರ್ಭದ ಮಾತು, ಅದಕ್ಕೆ ಮುಂಚೆ ಹೇಳಿದ್ದೇನು, ಜನರು ನಕ್ಕರೋ ಸುಮ್ಮನಿದ್ದರೋ, ಯಾವುದೂ ಅವನಿಗೆ ತಿಳಿಯದು. ತುಣುಕಿನ ಮೇಲೆ ಮಾತ್ರ, ಇದನ್ನು ಕಂಡು ರಕ್ತ ಕುದಿಯದಿದ್ದರೆ ನೀನು ಮನುಷ್ಯನೇ ಅಲ್ಲವೆಂಬ ಒಕ್ಕಣೆಯಿರುತ್ತದೆ. ಹಾಸ್ಯಕ್ಕೆ ಸಂದರ್ಭವೇ ಪ್ರಾಣ. ಅದನ್ನು ಕಿತ್ತೊಗೆದ ಮೇಲೆ ಉಳಿಯುವುದು ಬೈಗುಳದ ಹೆಣ. ಬೀದರದಲ್ಲಿಯೂ ಆದುದು ಇದೇ: ಶಾಲೆಯೊಳಗಿನ ಮಾತು ಫೇಸ್‌ಬುಕ್ಕಿಗೆ ಏರಿತು, ಅಲ್ಲಿಂದ ಠಾಣೆಗೆ ಇಳಿಯಿತು.

ಆ ಗೃಹಸ್ಥನಿಗೆ ನಮ್ಮ ವಿಜ್ಞಾಪನೆಯಿಷ್ಟೆ. ಮೊದಲು ಪೂರ್ತಿ ಆಟವನ್ನು ನೋಡಬೇಕು. ನೋಡಲು ವ್ಯವಧಾನವಿಲ್ಲದಿದ್ದರೆ ಆ ತುಣುಕನ್ನು ಮುಂದಕ್ಕೆ ಕಳುಹಿಸಬಾರದು. ನೋಡಿದ ಮೇಲೂ ಮನಸ್ಸು ಕುದಿಯುತ್ತಿದ್ದರೆ ಬರೆಯಬೇಕು, ಸಭೆಯಲ್ಲಿ ಖಂಡಿಸಬೇಕು, ಸಾಮರ್ಥ್ಯವಿದ್ದರೆ ಎದುರಾಗಿ ಇನ್ನೊಂದು ಆಟವನ್ನೇ ಕಟ್ಟಬೇಕು. ಪೌರತ್ವದ ಕಾಯಿದೆಯು ಒಳ್ಳೆಯದೆಂದು ನಂಬಿದವರು ಬೀದರದಲ್ಲಿ ಕಡಿಮೆ ಇರಲಿಲ್ಲ; ಅವರು ತಮ್ಮ ಪಕ್ಷವನ್ನು ಸಮರ್ಥಿಸುವ ನಾಟಕವೊಂದನ್ನು ಅದೇ ವಾರ ಆಡಿಸಿದ್ದರೆ ನಗರದ ಜನರು ಎರಡನ್ನೂ ನೋಡಿ ತೂಗುತ್ತಿದ್ದರು. ಹಾಗೆ ಮಾಡದೆ ಠಾಣೆಗೆ ಹೋದುದರ ಫಲವನ್ನು ವಿವೇಕಿಗಳು ವಿಚಾರಿಸಬೇಕು. ಶಾಲೆಯ ಗೋಡೆಯೊಳಗೆ ಕೆಲವು ನೂರು ಜನರು ಕೇಳಿದ್ದಿರಬಹುದಾದ ವಾಕ್ಯವನ್ನು ದೇಶವೇ ಕೇಳಿತು. ಯಾರ ಮಾನವನ್ನು ಕಾಪಾಡಬೇಕೆಂದು ಹೊರಟರೋ ಅವರ ಹೆಸರು, ಆ ಪಾದರಕ್ಷೆಯ ಜೊತೆಯಲ್ಲಿಯೇ, ಮೂರು ವರುಷ ಕಾಲ ನ್ಯಾಯಾಲಯದ ಕಾಗದಗಳಲ್ಲಿ ಓಡಾಡಿತು.

ಅಧಿಕಾರಿಗಳಿಗೆ ಈಗ ಕಾಯಿದೆಯೇ ದಾರಿಯನ್ನು ತೋರಿಸಿದೆ. 124ಎ ಕಲಮನ್ನು ಸುಪ್ರೀಂ ಕೋರ್ಟು 2022ರ ಮೇ 11ರಂದು ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯಸಂಹಿತೆ ಬಂದಿದೆ. ರಾಜದ್ರೋಹವೆಂಬ ಹೆಸರು ಅಳಿಯಿತೇ ಹೊರತು, ಅದರ 152ನೆಯ ಕಲಮಿನಲ್ಲಿ ಆಜೀವ ಸೆರೆವಾಸದವರೆಗಿನ ಹಲ್ಲುಗಳು ಉಳಿದಿವೆ. 1876ರ ನಾಟಕ ಕಾಯಿದೆಯೂ 2018ರಲ್ಲಿ ಪೂರ್ಣವಾಗಿ ರದ್ದಾಯಿತು. ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೂರನೆಯ ಉಪಕಲಮು ಬಹು ಉಪಯುಕ್ತವಾದುದು: ಮೂರು ವರುಷಕ್ಕೆ ಕಡಿಮೆಯಲ್ಲದ, ಏಳು ವರುಷಕ್ಕೆ ಒಳಗಿನ ಶಿಕ್ಷೆಯುಳ್ಳ ಅಪರಾಧದ ಫಿರ್ಯಾದು ಬಂದಾಗ, ಠಾಣೆಯವರು ಮೇಲಧಿಕಾರಿಯಾದ ಡಿವೈಎಸ್‌ಪಿಯವರ ಅನುಮತಿ ಪಡೆದು, ಪ್ರಕರಣಕ್ಕೆ ಮೇಲ್ನೋಟಕ್ಕೆ ಆಧಾರವಿದೆಯೋ ಇಲ್ಲವೋ ಎಂದು ಹದಿನಾಲ್ಕು ದಿವಸದೊಳಗೆ ಮೊದಲು ವಿಚಾರಿಸಿ ನೋಡಬಹುದು. 2025ರ ಮಾರ್ಚ್ 28ರಂದು, ಗುಜರಾತಿನಲ್ಲಿ ಒಂದು ಕವಿತೆಗಾಗಿ ಹೂಡಿದ ಮೊಕದ್ದಮೆಯನ್ನು ರದ್ದುಗೊಳಿಸುತ್ತ ಸುಪ್ರೀಂ ಕೋರ್ಟು, ಮಾತು ಬರಹಗಳ ವಿಷಯದಲ್ಲಿ ಈ ವಿಚಾರಣೆ ನಡೆಸುವುದೇ ಯೋಗ್ಯವೆಂದಿತು. ಒಂದು ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಯ ದೃಷ್ಟಿಯಿಂದ ಅಳೆಯಬೇಕಲ್ಲದೆ, ಟೀಕೆಯೆಂದರೆ ಅಪಾಯವನ್ನೇ ಕಾಣತಕ್ಕ ಅಳ್ಳೆದೆಯವನ ದೃಷ್ಟಿಯಿಂದಲ್ಲ ಎಂದೂ ತಿಳಿಸಿತು. ನಾಟಕ ವಿಡಂಬನೆಗಳು ಬಾಳಿಗೆ ಅರ್ಥವನ್ನು ಕೊಡತಕ್ಕವುಗಳೆಂಬ ಮಾತೂ ಅದರಲ್ಲಿದೆ. ಈ ತೀರ್ಪನ್ನು ಬರೆದವರು, ಬೀದರದ ಮಕ್ಕಳ ಮುಂದೆ ಕುಳಿತ ಪೋಲೀಸರ ಚಿತ್ರವನ್ನು ಹೈಕೋರ್ಟಿನಲ್ಲಿ ಕಂಡ ನ್ಯಾಯಮೂರ್ತಿ ಓಕಾ ಅವರೇ.

ಈ ಹದಿನಾಲ್ಕು ದಿವಸದ ಏರ್ಪಾಡು 2020ರಲ್ಲಿ ಇದ್ದು, ಬೀದರದ ಅಧಿಕಾರಿಯೊಬ್ಬರು ಅದನ್ನು ಬಳಸಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಬೇಕು. ಅವರು ಶಾಲೆಯವರನ್ನು ಕರೆಸಿ, ಆ ಮಾತು ಸರಿಯಲ್ಲ, ತೆಗೆಯಿರಿ ಎನ್ನುತ್ತಿದ್ದರು, ಶಾಲೆಯವರು ತೆಗೆಯುತ್ತಿದ್ದರು, ಫಿರ್ಯಾದಿಗೆ ಹಿಂಬರಹ ಕೊಟ್ಟು ಕಳುಹಿಸುತ್ತಿದ್ದರು. ಹದಿನಾಲ್ಕು ದಿವಸವೂ ಬೇಕಾಗುತ್ತಿರಲಿಲ್ಲ. ಹೆಚ್ಚುಕಡಿಮೆ ಅಷ್ಟೇ ದಿವಸಗಳನ್ನು ಒಬ್ಬ ತಾಯಿ ಸೆರೆಯಲ್ಲಿ ಎಣಿಸಿದಳು.

ಫೌಜದಾರರ ಕಷ್ಟವನ್ನು ನಾವು ಅರಿಯದವರಲ್ಲ. ಠಾಣೆಯ ಮುಂದೆ ಇಪ್ಪತ್ತು ಮಂದಿ ಕೂಗುತ್ತಿರುವಾಗ, ಪುಢಾರಿಗಳ ಫೋನು ಮೇಲಿಂದ ಮೇಲೆ ಬರುತ್ತಿರುವಾಗ, ಫಿರ್ಯಾದನ್ನು ಬರೆದುಕೊಂಡು ಕೈ ತೊಳೆದುಕ‌ೊಳ್ಳುವುದೇ ಸುಖವೆಂದು ಅವರಿಗೆ ತೋರುವುದು ಸಹಜ. ಬರೆದುಕೊಂಡವನನ್ನು ಯಾರೂ ಕೇಳುವುದಿಲ್ಲ, ಬರೆದುಕೊಳ್ಳದವನ ವರ್ಗವಾಗುತ್ತದೆ. ಆದಕಾರಣ ಈ ವಿವೇಕವನ್ನು ಕೆಳಗಿನ ಅಧಿಕಾರಿಯೊಬ್ಬನ ಧೈರ್ಯಕ್ಕೆ ಬಿಡಲಾಗದು. ರಾಜ್ಯದ ಗೃಹಶಾಖೆಯವರು ಕಲಬುರಗಿಯ ಪೀಠದ 2023ರ ತೀರ್ಪನ್ನೂ ಸುಪ್ರೀಂ ಕೋರ್ಟಿನ 2025ರ ತೀರ್ಪನ್ನೂ ತಿಳಿಗನ್ನಡದಲ್ಲಿ ಸಂಗ್ರಹಿಸಿ ಪ್ರತಿಯೊಂದು ಠಾಣೆಗೂ ಕಳುಹಿಸಬೇಕು. ನಾಟಕ, ಹಾಡು, ಹಾಸ್ಯ, ವ್ಯಂಗ್ಯಚಿತ್ರಗಳ ಮೇಲಿನ ಯಾವ ಫಿರ್ಯಾದೂ ಡಿವೈಎಸ್‌ಪಿಯವರ ಲಿಖಿತ ಅಭಿಪ್ರಾಯವಿಲ್ಲದೆ ದಾಖಲಾಗಕೂಡದೆಂದು, ಕಾಯಿದೆಯು ಅವಕಾಶ ಕೊಟ್ಟಿರುವ ಮಟ್ಟಿಗೆ, ಆಜ್ಞೆ ಹೊರಡಿಸಬೇಕು. ಮಕ್ಕಳನ್ನು ವಿಚಾರಿಸಬೇಕಾದ ಪ್ರಸಂಗ ಬಂದರೆ ಸಮವಸ್ತ್ರದಲ್ಲಿ ಹೋಗಕೂಡದೆಂಬ ನಿಯಮವು ಪುಸ್ತಕದಲ್ಲಿ ಈಗಾಗಲೇ ಇದೆ. ಅದನ್ನು ಮುರಿದವರಿಗೆ ಏನಾಗುವುದೆಂಬುದೂ ಆಜ್ಞೆಯಲ್ಲಿ ಬರೆದಿರಬೇಕು. ಪ್ರತಿಗಳಲ್ಲಿ ಮೊದಲನೆಯದನ್ನು ಬೀದರಕ್ಕೂ ಎರಡನೆಯದನ್ನು ಔರಾದಕ್ಕೂ ಕಳುಹಿಸಿದರೆ ಒಳ್ಳೆಯದು.